ಸ್ಮಿತಾಳ ಬಾಲ್ಕನಿ ಬಳ್ಳಿಗಳ ಬಗ್ಗೆ

ಸ್ಮಿತಾ, ದೊಡ್ಡಮ್ಮ ಮಾತಾಡ್ತಾ ಇದ್ದೇನೆ. ಟೈಪ್ ಮಾಡುತ್ತಾ ಕೂತರೆ ನನಗೆ ಮಧ್ಯಾಹ್ನ ಆಗಿಬಿಡುತ್ತದೆ. ಸ್ವಲ್ಪ ಉದ್ದ ಇದೆ, ಮೆಟ್ರೋದಲ್ಲಿ ಕೂತಾಗ ಕೇಳು.

ನೀನು ಬರೆದದ್ದು ಇಷ್ಟು, ಅಲ್ವಾ? ಶಂಖಪುಷ್ಪ, ಮಾರ್ನಿಂಗ್ ಗ್ಲೋರಿ, ಕಾಮಲತೆ, ಸ್ವೀಟ್ ಪೀ, ಈ ನಾಲ್ಕು ಪ್ಯಾಕೆಟ್ ತರಿಸಿ ಏಪ್ರಿಲ್ ಶುರುವಿನಲ್ಲಿ ಬಾಲ್ಕನಿಯಲ್ಲಿ ಹಾಕಿದೆ. ಒಂದೆರಡು ಶಂಖಪುಷ್ಪ ಬಿಟ್ಟರೆ ಬೇರೇನೂ ಮೇಲೆ ಬಂದಿಲ್ಲ. ಬೆಂಗಳೂರಿನ ಬಿಸಿಲಿಗೆ ಬೀಜ ಸುಟ್ಟುಹೋಯಿತಾ ಅಂತ ಕೇಳಿದ್ದೀಯ. ಅದಕ್ಕೆ ಮುರಳಿ ಯೂರಿಯಾ ಹಾಕು ಅಂದ, ನಿಮ್ಮಮ್ಮ ಬೀಜವೇ ಕೆಟ್ಟದ್ದು ಅಂದಳು.

ಬಿಸಿಲನ್ನು ಸುಮ್ನೆ ಬೈಬೇಡ. ಮಾರ್ನಿಂಗ್ ಗ್ಲೋರಿ, ಕಾಮಲತೆ ಎರಡೂ ಅಮೆರಿಕ ಖಂಡದ ಬಿಸಿನಾಡಿನ ಕಡೆಯಿಂದ ಬಂದವು. ಶಂಖಪುಷ್ಪವಂತೂ ನಮ್ಮೂರಲ್ಲಿ ಬೇಲಿ ಮೇಲೆ ತಾನೇ ಹಬ್ಬುತ್ತದೆ. ಈ ಮೂರಕ್ಕೂ ಮಣ್ಣು ಬೆಚ್ಚಗೇ ಇರಬೇಕು, ಡಿಸೆಂಬರ್ ಚಳಿಯಲ್ಲಿ ಹಾಕಿದರೆ ಇನ್ನೂ ತಡ ಮಾಡುತ್ತಿದ್ದವು. ತೊಂದರೆ ಇರುವುದು ಬೀಜದ ಸಿಪ್ಪೆಯಲ್ಲಿ, ಆಮೇಲೆ ನಿನ್ನ ಕುಂಡದಲ್ಲಿ.

ಸಿಪ್ಪೆ ವಿಷಯ ಮೊದಲು ಹೇಳುತ್ತೇನೆ. ಹೆಸರುಕಾಳು ನೆನೆಹಾಕಿದಾಗ ಎಲ್ಲ ಊದಿಕೊಂಡರೂ ಒಂದೆರಡು ಕಾಳು ಕಲ್ಲಿನ ಹಾಗೇ ಉಳಿಯುತ್ತವಲ್ಲ, ಶಂಖಪುಷ್ಪದಲ್ಲಿ ಹೆಚ್ಚಿನವು ಹಾಗೇ. ಅದೂ ಕಾಳಿನ ಜಾತಿಯದೇ. ಸಿಪ್ಪೆ ನೀರನ್ನು ಒಳಗೆ ಬಿಡುವುದೇ ಇಲ್ಲ. ಬಯಲಿನಲ್ಲಿ ಬಿದ್ದ ಬೀಜ ಮಳೆ, ಬಿಸಿಲಿಗೆ ಸಿಕ್ಕಿ ನಿಧಾನವಾಗಿ ಸವೆದು ಯಾವಾಗಲೋ ಬಾಯಿಬಿಡುತ್ತದೆ. ನಾವು ಅಷ್ಟು ಕಾಯುವ ಹಾಗಿಲ್ಲ. ಒಂದು ನೇಲ್ ಕಟರ್ ತೊಗೋ. ಬೀಜದಲ್ಲಿ ಸಣ್ಣ ಬಿಳಿ ಕಣ್ಣು ಕಾಣುತ್ತದೆ, ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಅದನ್ನು ಮುಟ್ಟಬೇಡ, ಮೊಳಕೆ ಹೊರಡುವುದು ಅದರ ಹತ್ತಿರದಿಂದಲೇ. ಅದರ ಎದುರು ಬದಿಯಲ್ಲಿ ಕರೀ ಸಿಪ್ಪೆಯನ್ನು ಚೂರೇ ಚೂರು ಕತ್ತರಿಸು. ಒಳಗಿನ ತಿಳಿ ಬಣ್ಣ ಕಂಡರೆ ಸಾಕು, ತಿರುಳಿಗೆ ಹೋಗಬೇಡ. ಕೈ ನಡುಗುತ್ತದೆ ಅಂದರೆ ಸ್ಯಾಂಡ್‌ಪೇಪರ್ ಮೇಲೆ ಉಜ್ಜು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ಹಾಕಿಡು. ಬೆಳಿಗ್ಗೆ ಊದಿಕೊಂಡವನ್ನು ಆಗಲೇ ಮಣ್ಣಿಗೆ ಹಾಕು. ಊದದೆ ಇರುವವನ್ನು ಇನ್ನೊಮ್ಮೆ ಕತ್ತರಿಸಿ ಮತ್ತೆ ನೆನೆಸು, ಎಸೆಯಬೇಡ. ಆದರೆ ಎರಡು ದಿನ ನೀರಲ್ಲೇ ಮರೆತುಬಿಟ್ಟರೆ ಕೊಳೆಯುತ್ತವೆ. ಮಾರ್ನಿಂಗ್ ಗ್ಲೋರಿಗೂ ಇದೇ ಕ್ರಮ. ಕಾಮಲತೆ ಬೀಜ ಚಿಕ್ಕದು, ಕತ್ತರಿಸಲು ಹೋದರೆ ಹಾರಿಹೋಗುತ್ತದೆ. ಅದನ್ನು ಸುಮ್ನೆ ನೆನೆಸಿದರೆ ಆಯಿತು. ಹಾಂ, ಚಿಂಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ, ಅಲ್ವಾ? ಮಾರ್ನಿಂಗ್ ಗ್ಲೋರಿ, ಸ್ವೀಟ್ ಪೀ ಬೀಜ ಎರಡೂ ವಿಷ. ನೆನೆಹಾಕಿದ ಬಟ್ಟಲು ಅಡುಗೆಮನೆ ಕಟ್ಟೆ ಮೇಲೆ ಬೇಡವೇ ಬೇಡ.

ಈಗ ಕುಂಡ. ಫೋಟೋ ನೋಡಿದೆ. ಪಶ್ಚಿಮದ ಬಾಲ್ಕನಿ, ಕರೀ ಪ್ಲಾಸ್ಟಿಕ್ ಪಾಟ್, ಅದೂ ನೆಲದ ಮೇಲೆ. ಮಧ್ಯಾಹ್ನ ಕಾಂಕ್ರೀಟು ಕಾದರೆ ರಾತ್ರಿವರೆಗೂ ಬಿಸಿ ಬಿಡುತ್ತಿರುತ್ತದೆ. ಬೆಳೆದ ಬಳ್ಳಿ ಅದನ್ನು ತಡೆಯುತ್ತದೆ, ಅದರ ಬೇರು ಆಳದಲ್ಲಿರುತ್ತದೆ. ಮೊಳಕೆಗೆ ಇರುವುದು ಮೇಲಿನ ಒಂದು ಬೆರಳು ಮಣ್ಣು ಮಾತ್ರ, ಒಣಗುವುದೂ ಅದೇ. ನೀನು ಹೆದರಿಕೊಂಡು ದಿನಕ್ಕೆ ಮೂರು ಸಲ ನೀರು ಹಾಕುತ್ತೀಯ. ಮೇಲೆ ಒಣಗಿ, ಕೆಳಗೆ ಕೊಕೊಪೀಟ್, ಅಂದರೆ ಆ ತೆಂಗಿನ ನಾರಿನ ಪುಡಿ, ಕೆಸರಾಗುತ್ತದೆ. ಸಸಿಯ ಕಾಂಡ ಮಣ್ಣಿನ ಹತ್ತಿರ ದಾರದ ಹಾಗೆ ಸಣ್ಣಗಾಗಿ ಬಾಗಿಬಿದ್ದರೆ ಅದು ಬಿಸಿಲಿನಿಂದ ಅಲ್ಲ, ನೀರು ಜಾಸ್ತಿಯಾಗಿ ಬಂದ ಕೊಳೆರೋಗ.

ಅದಕ್ಕೇ ಬೀಜವನ್ನು ಆ ಬಾಲ್ಕನಿಯಲ್ಲಿ ಹಾಕಲೇಬೇಡ. ಪೇಪರ್ ಕಪ್ಪಿನ ತಳಕ್ಕೆ ತೂತು ಮಾಡು. ಅರ್ಧ ಮಣ್ಣು, ಉಳಿದ ಅರ್ಧ ಕೊಕೊಪೀಟ್ ಮತ್ತು ಎರೆಗೊಬ್ಬರ. ಬೀಜ ಒಂದು ಸೆಂಟಿಮೀಟರ್ ಆಳ ಹೋದರೆ ಸಾಕು. ಯುಟಿಲಿಟಿ ಕಡೆ ಬೆಳಗಿನ ಬಿಸಿಲು ಬರುತ್ತದಲ್ಲ, ಬಟ್ಟೆ ಒಣಗಿಸುವ ಜಾಗ, ಅಲ್ಲಿ ಇಡು. ಮೊದಲು ಬರುವ ಎರಡು ಎಲೆ ಲೆಕ್ಕಕ್ಕಿಲ್ಲ. ಆಮೇಲೆ ನಿಜವಾದ ಎಲೆ ಒಂದೆರಡು ಬಿಟ್ಟ ಮೇಲೆ ಕಪ್ಪನ್ನು ಹರಿದು ಮಣ್ಣಿನ ಸಮೇತ ದೊಡ್ಡ ಕುಂಡಕ್ಕೆ ಇಳಿಸು. ಮಾರ್ನಿಂಗ್ ಗ್ಲೋರಿಗೆ ಬೇರು ಅಲುಗಾಡಿಸಿದರೆ ಆಗುವುದಿಲ್ಲ, ಮುನಿಸಿಕೊಂಡು ಅಲ್ಲೇ ನಿಂತುಬಿಡುತ್ತದೆ. ಬಾಲ್ಕನಿಗೆ ಹೋದ ಮೇಲೂ ಸ್ವಲ್ಪ ದಿನ ಶೇಡ್ ನೆಟ್ ಇರಲಿ. ಕುಂಡದ ಕೆಳಗೆ ಎರಡು ಇಟ್ಟಿಗೆ ಇಡು.

ಸ್ವೀಟ್ ಪೀ ಕಥೆ ಬೇರೆ. ಅದು ಇಟಲಿಯ ದಕ್ಷಿಣದ ಕಡೆಯ ಗಿಡ, ತಂಪು ಬೇಕು. ಬೆಂಗಳೂರಿನ ಏಪ್ರಿಲ್‌ನಲ್ಲಿ ಏನು ಸೇವೆ ಮಾಡಿದರೂ ಅಷ್ಟೇ. ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಒಣಗಿದ, ತಣ್ಣಗಿನ ಜಾಗದಲ್ಲಿಡು. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಹಾಕಿದರೆ ಚಳಿಗಾಲದಲ್ಲಿ ಹೂ ನೋಡಬಹುದು. ಪ್ಯಾಕೆಟ್ ಮೇಲೆ ವರ್ಷವಿಡೀ ಅಂತ ಬರೆದಿರುತ್ತಾರೆ, ಬರೆಯಲು ಅವರಿಗೇನು ಖರ್ಚು.

ಮುರಳಿ, ಬೇಜಾರಾಗಬೇಡಪ್ಪ, ಯೂರಿಯಾ ಮಾತ್ರ ಬೇಡ. ಶಂಖಪುಷ್ಪ ತನ್ನ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾದಿಂದ ಸಾರಜನಕ ತಾನೇ ಮಾಡಿಸಿಕೊಳ್ಳುತ್ತದೆ. ಮಾರ್ನಿಂಗ್ ಗ್ಲೋರಿಗೆ ಯೂರಿಯಾ ಕೊಟ್ಟರೆ ಗ್ರಿಲ್ ತುಂಬ ಎಲೆ ಬರುತ್ತದೆ, ಹೂವಿರುವುದಿಲ್ಲ. ಇನ್ನೊಂದು ವಿಷಯ ಸ್ಮಿತಾ, ಮಾರ್ನಿಂಗ್ ಗ್ಲೋರಿಯಲ್ಲಿ ಕೆಲವು ಜಾತಿ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗಲೇ ಮೊಗ್ಗು ಕಟ್ಟುವುದು. ಜೂನ್, ಜುಲೈನಲ್ಲಿ ಬರೀ ಎಲೆ ಇದೆ ಅಂತ ಕಿತ್ತುಹಾಕಬೇಡ. ಶಂಖಪುಷ್ಪಕ್ಕೆ ಆ ರಗಳೆ ಇಲ್ಲ, ಬಿಸಿಲಿದ್ದರೆ ಹೆಚ್ಚುಕಮ್ಮಿ ಎರಡು ತಿಂಗಳಲ್ಲಿ ಹೂ ಶುರು. ನನ್ನ ಕೇಳಿದರೆ ಈ ವರ್ಷಕ್ಕೆ ಅದೊಂದನ್ನೇ ಚೆನ್ನಾಗಿ ಮಾಡು, ಪೂಜೆಗೂ ಆಗುತ್ತದೆ.

ಹಬ್ಬಿಸಲು ನೀನು ಇಟ್ಟಿರುವ ದಪ್ಪ ಪಿವಿಸಿ ಪೈಪ್ ಪ್ರಯೋಜನವಿಲ್ಲ. ಸ್ವೀಟ್ ಪೀ ಬಿಟ್ಟು ಉಳಿದ ಮೂರೂ ಕಾಂಡದಿಂದಲೇ ಸುತ್ತಿಕೊಂಡು ಹತ್ತುವಂಥವು, ಸೆಣಬಿನ ಹುರಿ ಕಟ್ಟು. ತಂತಿ ಬಿಸಿಲಿಗೆ ಕಾಯುತ್ತದೆ, ಎಳೇ ತುದಿ ಸುಡಬಹುದು. ಎಲೆ ಕೆಳಗೆ ಸಣ್ಣ ಬಲೆ ಕಂಡರೆ ನುಸಿ ಬಂದಿದೆ ಅಂತ, ಎಲೆಯ ಅಡಿಗೆ ಜೋರಾಗಿ ನೀರು ಹೊಡಿ.

ನಿಮ್ಮಮ್ಮ ಮಲ್ಲಿಗೆ ಬೀಜ ಎಲ್ಲಿ ಸಿಗುತ್ತದೆ ಅಂತ ಬೇರೆ ಕೇಳಿದ್ದಾಳೆ. ಮಲ್ಲಿಗೆ, ಬೋಗನ್‌ವಿಲ್ಲಾ ಇವನ್ನೆಲ್ಲ ಬೀಜದಿಂದ ಯಾರೂ ಮಾಡುವುದಿಲ್ಲ ಕಣೇ, ಕಡ್ಡಿ ನೆಡುವುದು. ಜನವರಿಯಲ್ಲಿ ನಿಮ್ಮ ಎದುರುಮನೆ ಕಾಂಪೌಂಡ್ ಮೇಲೆ ಕಿತ್ತಳೆ ಬಣ್ಣದಲ್ಲಿ ಜೋತುಬೀಳುತ್ತದಲ್ಲ, ಆ ಬಳ್ಳಿಯೂ ಹಾಗೇ. ಮಳೆ ಹಿಡಿದ ಮೇಲೆ ಕಡ್ಡಿ ಕೇಳಿ ತೊಗೋ, ಇಲ್ಲ ಲಾಲ್‌ಬಾಗ್ ನರ್ಸರಿಯಲ್ಲಿ ಸಸಿಯೇ ತಂದುಬಿಡು.

ನಿನ್ನ ಹತ್ತಿರ ಶಂಖಪುಷ್ಪದ ಬೀಜ ಎಷ್ಟು ಉಳಿದಿದೆ ಅಂತ ತಿಳಿಸು. ಕಮ್ಮಿ ಇದ್ದರೆ ನಮ್ಮ ಬಳ್ಳಿಯಲ್ಲಿ ಬಿಳಿಯದರ ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿದೆ, ಇನ್ನೆರಡು ದಿನ ಬಿಟ್ಟರೆ ಸಿಡಿದು ಬೀಜ ಕೆಳಗೆ ಬೀಳುತ್ತದೆ. ಇವತ್ತೇ ಬಿಡಿಸಿ ಕವರ್‌ಗೆ ಹಾಕಿಡುತ್ತೇನೆ. ಮುರಳಿ ಭಾನುವಾರ ಈ ಕಡೆ ಬರುತ್ತಾನಂತೆ, ಅವನ ಕೈಯಲ್ಲಿ ಕಳಿಸುತ್ತೇನೆ.