ಅಡಿಕೆ ಡ್ರೈಯರ್‌ಗೆ ಪೇಟೆಂಟ್ ಸಿಗುತ್ತಾ?

ಪ್ರಶ್ನೆ (ಶಿರಸಿ ಕಡೆಯ ಕೃಷಿಕ): ನಮಸ್ಕಾರ ಮೇಡಂ. ಮಳೆ ಬಿಡದ ವರ್ಷ ಬೇಯಿಸಿದ ಅಡಿಕೆ ಒಣಗಿಸೋದೇ ದೊಡ್ಡ ತಲೆನೋವು. ಅದಕ್ಕೇ ಒಂದು ಡ್ರೈಯರ್ ಮಾಡಿದ್ದೇನೆ. ಹಗಲು ಬಿಸಿಲಿನ ಶಾಖ, ರಾತ್ರಿ ಅಡಿಕೆ ಬೇಯಿಸುವ ಒಲೆಯಿಂದ ಸುಮ್ನೆ ಹೋಗುವ ಬಿಸಿ. ಬಿಸಿಲು ಕಮ್ಮಿಯಾದರೆ ತಾನಾಗಿಯೇ ಒಲೆ ಕಡೆ ತೆರೆದುಕೊಳ್ಳುವ ಪುಟ್ಟ ಬಾಗಿಲೂ ಇದೆ. ಕಟ್ಟಿಗೆ ಉಳಿಯುತ್ತದೆ. ಎರಡು ತಿಂಗಳ ಹಿಂದೆ ಯೂಟ್ಯೂಬ್‌ಗೆ ವಿಡಿಯೊ ಹಾಕಿದ್ದೆ. ಈಗ ಪೇಟೆಂಟ್ ಮಾಡಿಸಬಹುದಾ? ಅಮೆರಿಕದಲ್ಲಿ ಇಂಥದ್ದೇ ಒಂದು ಪೇಟೆಂಟ್ ಇದೆಯಂತೆ, ನನ್ನ ಮೇಲೆ ಕೇಸ್ ಬೀಳುತ್ತಾ?

ಉತ್ತರ (ಪೇಟೆಂಟ್ ಏಜೆಂಟ್): ಮೊದಲು ಇದನ್ನು ಹೇಳಿ. ವಿಡಿಯೊದಲ್ಲಿ ಆ ಬಾಗಿಲು ಕೆಲಸ ಮಾಡುವ ರೀತಿ ಕಾಣುತ್ತದಾ?

ಕೃಷಿಕ: ಇಲ್ಲ. ಹೊರಗಿನ ಪೆಟ್ಟಿಗೆ, ತಟ್ಟೆ, ಫ್ಯಾನ್ ಅಷ್ಟೇ. ಬಾಗಿಲಿನ ಬಗ್ಗೆ ಮಾತೂ ಆಡಿಲ್ಲ.

ಉತ್ತರ: ಹಾಗಾದರೆ ಬಚಾವಾದಿರಿ. ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ತೋರಿಸಿದ್ದು ಕಾನೂನಿನ ಲೆಕ್ಕದಲ್ಲಿ ಹೊಸದಲ್ಲ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೆ 12 ತಿಂಗಳ ರಿಯಾಯಿತಿ ಇರುತ್ತಿತ್ತು. ಯೂಟ್ಯೂಬ್‌ಗೆ ಆ ಭಾಗ್ಯ ಇಲ್ಲ.

ಪೆಟ್ಟಿಗೆ, ಫ್ಯಾನ್, ಒಲೆ ಹೋದರೆ ಹೋಗಲಿ ಬಿಡಿ. ಗೊತ್ತಿರುವ ಸಾಧನಗಳನ್ನು ಪಕ್ಕಪಕ್ಕ ಜೋಡಿಸಿ, ಅವು ತಮ್ಮ ಪಾಡಿಗೆ ತಾವು ಕೆಲಸ ಮಾಡಿದರೆ ಅದು ಆವಿಷ್ಕಾರವಲ್ಲ. 1970ರ ಪೇಟೆಂಟ್ ಕಾಯ್ದೆಯ 3(ಎಫ್) ಕಲಂ ಇದನ್ನೇ ಹೇಳುತ್ತದೆ. ನಿಮ್ಮ ಕೈಯಲ್ಲಿರುವ ಹೊಸ ವಿಷಯ ಆ ಬಾಗಿಲು. ಅದಕ್ಕೆ ಪ್ರಾವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ಹಾಕಿದರೆ ವ್ಯಕ್ತಿಗೆ 1,600 ರೂಪಾಯಿ. ಪೂರ್ತಿ ವಿವರ ಕೊಡೋದಕ್ಕೆ 12 ತಿಂಗಳು ಸಿಗುತ್ತದೆ. ಆಮೇಲೆ ಕಚೇರಿಯವರು ಅರ್ಜಿ ಪರೀಕ್ಷಿಸೋದಕ್ಕೆ 4,000. ನಮ್ಮಂಥವರ ಫೀಸು ಬೇರೆ, ಅದೇ ಜಾಸ್ತಿ!

ಅಮೆರಿಕದ ಪೇಟೆಂಟ್ ಅಮೆರಿಕದಲ್ಲಷ್ಟೇ ನಡೆಯುತ್ತದೆ. ಅವರು ಇಲ್ಲಿ ಪೇಟೆಂಟ್ ಪಡೆದಿಲ್ಲ ಅಂದರೆ ನೀವು ಇಲ್ಲಿ ಮಾಡಿ ಮಾರಬಹುದು. ಪೇಟೆಂಟ್ ಕಚೇರಿಯ ಇನ್‌ಪಾಸ್ ಜಾಲತಾಣದಲ್ಲಿ ಪುಕ್ಕಟೆ ಹುಡುಕಿ ನೋಡಿ. ಆದರೆ ನಿಮ್ಮ ಬಾಗಿಲು ಅವರ ಪೇಟೆಂಟ್ ಪತ್ರದಲ್ಲಿ ಆಗಲೇ ಇದ್ದರೆ, ಇಲ್ಲಿ ನಿಮಗೆ ಪೇಟೆಂಟ್ ಸಿಗೋದಿಲ್ಲ. ಹೊಸತನವನ್ನು ಇಡೀ ಜಗತ್ತಿನ ಎದುರು ಇಟ್ಟು ಅಳೆಯುತ್ತಾರೆ.

ಇನ್ನೊಬ್ಬರು: ಪರಿಸರಕ್ಕೆ ಒಳ್ಳೆಯದು ಅಂತ ಬೇಗ ಕೊಡ್ತಾರಾ ಮೇಡಂ?

ಉತ್ತರ: ಬ್ರಿಟನ್‌ನಲ್ಲಿ ಅಂಥ ಅರ್ಜಿಗಳನ್ನು ಬೇಗ ನೋಡೋಕೆ 2009ರಿಂದ ಗ್ರೀನ್ ಚಾನೆಲ್ ಅಂತ ಇದೆ. ನಮ್ಮಲ್ಲಿ ಹಸಿರಿಗೆ ಅಂತ ಬೇರೆ ಸರತಿ ಇಲ್ಲ. ಸ್ಟಾರ್ಟಪ್‌ಗಳು ತ್ವರಿತ ಪರೀಕ್ಷೆ ಕೇಳಬಹುದು. ಅರ್ಜಿದಾರರಲ್ಲಿ ಒಬ್ಬ ಮಹಿಳೆ ಇದ್ದರೂ ಕೇಳಬಹುದು. ಹಾಗಂತ ಸುಮ್ನೆ ಮನೆಯವರ ಹೆಸರು ತುರುಕಬೇಡಿ.

ಕೃಷಿಕ: ಪೇಟೆಂಟೇ ಬೇಡ, ಎಲ್ಲ ರೈತರೂ ಮಾಡಿಕೊಳ್ಳಲಿ ಅಂತ ಬಿಟ್ಟರೆ?

ಉತ್ತರ: ಅದೂ ಒಂದು ದಾರಿ, ನನಗಂತೂ ಇಷ್ಟವೇ. 2014ರಲ್ಲಿ ಟೆಸ್ಲಾ ಕಂಪನಿ ತನ್ನ ಪೇಟೆಂಟ್‌ಗಳನ್ನು ಸದುದ್ದೇಶದಿಂದ ಬಳಸಿದವರ ಮೇಲೆ ಕೇಸ್ ಹಾಕೋದಿಲ್ಲ ಅಂದಿತು. ಆದರೆ ಪೇಟೆಂಟ್ ಅವರ ಕೈಯಲ್ಲೇ ಇತ್ತು, ಅದಕ್ಕೇ ಷರತ್ತು ಹಾಕೋಕಾಯಿತು. ನೀವು ಬರೀ ಬಿಟ್ಟುಕೊಡೋದಾದರೆ ಅಳತೆ, ಚಿತ್ರ ಸಮೇತ ಪೂರ್ತಿ ಪ್ರಕಟಿಸಿ. ಆಮೇಲೆ ಯಾವ ಕಂಪನಿಯೂ ಅದನ್ನು ತನ್ನದು ಅಂತ ಪೇಟೆಂಟ್ ಪಡೆಯೋದು ಕಷ್ಟ. ನೀವೂ ವಾಪಸ್ ತಗೊಳ್ಳೋ ಹಾಗಿಲ್ಲ. ತೀರ್ಮಾನ ಆಗೋವರೆಗೆ ಯಾರಿಗೂ ತೋರಿಸಬೇಡಿ.

ಕೃಷಿಕ: ನಾಳೆ ನೆಂಟರು ನೋಡೋಕೆ ಬರ್ತಿದ್ದಾರೆ. ಪೆಟ್ಟಿಗೆಗೆ ಬೀಗ ಹಾಕ್ತೇನೆ ಮೇಡಂ.