ಪದ ಬೇಕು: ಕಾರ್ಬನ್ ನ್ಯಾನೋಟ್ಯೂಬ್ ಉದ್ಯಮದ 'ಗ್ರೋತ್', 'ಕೆಪ್ಯಾಸಿಟಿ', 'ಡಿಸ್ಪರ್ಷನ್'

ಎಲ್ಲರಿಗೂ ನಮಸ್ಕಾರ,

ಕಾರ್ಬನ್ ನ್ಯಾನೋಟ್ಯೂಬ್ ಉದ್ಯಮ ಇಲ್ಲಿಯವರೆಗೆ ಹೇಗೆ ಬೆಳೆದಿದೆ, ಮುಂದೆ ಎತ್ತ ಸಾಗಬಹುದು ಅಂತ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತಿದ್ದೇನೆ, ಬಲ್ಲವರು ಸಹಾಯ ಮಾಡಬೇಕು. ವಸ್ತು ಅಂದರೆ ಇಂಗಾಲದ ಪರಮಾಣುಗಳಿಂದಾದ, ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಕೊಳವೆ; ಅದರ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಇಂಗಾಲದ ನ್ಯಾನೋ ಕೊಳವೆ ಅಂದರೂ ಸರಿ, ನ್ಯಾನೋ ನಳಿಕೆ ಅಂದರೂ ಸರಿ. ನಾನು ನಳಿಕೆ ಅಂತ ಬರೆಯುತ್ತಿದ್ದೇನೆ, ಅಷ್ಟೇ. ತೊಡಕು ಇರುವುದು ಉದ್ಯಮದ ಮಾತುಗಳಲ್ಲಿ.

ಮೊದಲು 'ಗ್ರೋತ್'. ಯೋಚಿಸದೆ 'ಬೆಳವಣಿಗೆ' ಅಂತ ಬರೆದುಬಿಡುತ್ತೇವೆ, ಅಲ್ವಾ? ಆದರೆ ಇಲ್ಲಿ ನಳಿಕೆಯೂ ಬೆಳೆಯುತ್ತದೆ, ಉದ್ಯಮವೂ ಬೆಳೆಯುತ್ತದೆ. ಕಬ್ಬಿಣ, ಕೋಬಾಲ್ಟ್‌ನಂಥ ಲೋಹದ ತೀರಾ ಸಣ್ಣ ಕಣಗಳನ್ನು ಕುಲುಮೆಯಲ್ಲಿಟ್ಟು, ಕಾದ ಕುಲುಮೆಯೊಳಗೆ ಮೀಥೇನ್ ಅಥವಾ ಎಥಿಲೀನ್‌ನಂಥ ಅನಿಲ ಹಾಯಿಸುತ್ತಾರೆ, ಅನಿಲ ಒಡೆದು ಅದರ ಇಂಗಾಲ ಆ ಕಣಗಳ ಮೇಲೆ ನಳಿಕೆಯಾಗಿ ಉದ್ದವಾಗುತ್ತಾ ಹೋಗುತ್ತದೆ. ಇದಕ್ಕೂ ಗ್ರೋತ್ ಅಂತಲೇ ಹೇಳುತ್ತಾರೆ. 2004ರಲ್ಲಿ ಜಪಾನಿನ ಎಐಎಸ್‌ಟಿ ಸಂಶೋಧನಾ ಸಂಸ್ಥೆಯವರು ಈ ಅನಿಲಕ್ಕೆ ಚೂರೇ ಚೂರು ನೀರಾವಿ ಸೇರಿಸಿದರು. ಲೋಹದ ಕಣ ಬೇಗ ಸಾಯದೆ ಕೆಲಸ ಮಾಡುತ್ತಲೇ ಇತ್ತು, ನಳಿಕೆಗಳು ಮಿಲಿಮೀಟರ್ ಎತ್ತರಕ್ಕೆ ಬೆಳೆದವು. ಅದಕ್ಕೆ 'ಸೂಪರ್ ಗ್ರೋತ್' ಅಂತ ಹೆಸರಿಟ್ಟರು. 2015ರಲ್ಲಿ ಜಪಾನಿನದೇ ಜಿಯಾನ್ ಕಂಪನಿ ಇದೇ ವಿಧಾನದ ಮೇಲೆ ಕಾರ್ಖಾನೆ ಶುರು ಮಾಡಿತು. ಈಗ ಒಂದೇ ಪ್ಯಾರಾದಲ್ಲಿ ಎರಡೂ ಗ್ರೋತ್ ಬಂದರೆ ಓದುವವರು ಯಾವುದನ್ನು ಯಾವುದು ಅಂದುಕೊಳ್ಳಬೇಕು? ನಳಿಕೆಗೆ 'ಬೆಳೆಸುವುದು' ಅಂತ ಕ್ರಿಯಾಪದವನ್ನೇ ಇಟ್ಟುಕೊಂಡರೆ ಸರಿಹೋಗುತ್ತದೆ ಅನ್ನಿಸುತ್ತದೆ.

ಉದ್ಯಮಕ್ಕೆ? 'ಏಳಿಗೆ' ಚಂದದ ಪದ, ಆದರೆ ಒಪ್ಪುವುದಿಲ್ಲ. ಏಳಿಗೆ ಅಂದರೆ ಬಾಳು ಹಸನಾದ ಹಾಗೆ. ಇಲ್ಲಿ ಟನ್ನುಗಳು ಏರಿದಾಗಲೆಲ್ಲ ಕಂಪನಿಗಳು ಹಸನಾಗಲಿಲ್ಲ. ಬೇಯರ್ ಕಂಪನಿ 2010ರಲ್ಲಿ ಜರ್ಮನಿಯ ಲೆವರ್‌ಕೂಸನ್‌ನಲ್ಲಿ ವರ್ಷಕ್ಕೆ 200 ಟನ್ನಿನ ಘಟಕ ತೆರೆಯಿತು. 2013ರಲ್ಲಿ, ಬಳಕೆಗಳೆಲ್ಲ ಚೂರುಚೂರಾಗಿ ಹಂಚಿಹೋಗಿವೆ, ನಮ್ಮ ಮುಖ್ಯ ವ್ಯವಹಾರಕ್ಕೆ ಹೊಂದುತ್ತಿಲ್ಲ ಅಂತ ಹೇಳಿ ಕೈಬಿಟ್ಟಿತು. ಹಾಗಾಗಿ 'ಉದ್ಯಮ ಬೆಳೆಯಿತು' ಅಂತ ಸುಮ್ನೆ ಬರೆಯದೆ, ಏನು ಹೆಚ್ಚಾಯಿತು ಅನ್ನುವುದನ್ನೇ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟನ್ನು ಹೆಚ್ಚಾಯಿತೋ, ಕೊಳ್ಳುವವರು ಹೆಚ್ಚಾದರೋ, ಲಾಭ ಹೆಚ್ಚಾಯಿತೋ, ಮೂರೂ ಬೇರೆ ಬೇರೆ.

ಇದರ ಬೆನ್ನಿಗೇ ಬರುವುದು 'ಕೆಪ್ಯಾಸಿಟಿ'. ದಕ್ಷಿಣ ಕೊರಿಯಾದ ಎಲ್‌ಜಿ ಕೆಮ್ 2017ರಲ್ಲಿ ವರ್ಷಕ್ಕೆ 500 ಟನ್ ಸಾಮರ್ಥ್ಯದಿಂದ ಶುರು ಮಾಡಿ, 2021ರಲ್ಲಿ 1,200 ಟನ್ನಿನ ಇನ್ನೊಂದು ಘಟಕ ಸೇರಿಸಿ 1,700ಕ್ಕೆ ಏರಿಸಿತು. ಇದು ಯಂತ್ರ ಪೂರ್ತಿ ಓಡಿದರೆ ಎಷ್ಟು ಬರಬಹುದು ಅನ್ನುವ ಲೆಕ್ಕ. ಅಷ್ಟೂ ತಯಾರಾಗಿ ಮಾರಾಟವಾಯಿತು ಅಂತ ಅರ್ಥವಲ್ಲ. 'ಉತ್ಪಾದನಾ ಸಾಮರ್ಥ್ಯ' ಸರಿಯಾದ ಪದವೇ, ಆದರೆ ಅದು ಉದ್ದವಾಗಿದೆ ಅಂತ ಎರಡನೇ ಸಲ ಬರೆಯುವಾಗ 'ಉತ್ಪಾದನೆ' ಅಂತ ಮೊಟಕು ಮಾಡಿಬಿಡುತ್ತಾರೆ, ಅಲ್ಲಿಗೆ ಅರ್ಥವೇ ಬದಲಾಯಿತು. ಒಂದೇ ಚಿಕ್ಕ ಪದ ಇದ್ದರೆ ಒಳ್ಳೆಯದು. 'ಅಳವು' ಇದೆ, ನನಗೆ ಇಷ್ಟ, ಆದರೆ ಎಷ್ಟು ಜನಕ್ಕೆ ಗೊತ್ತು?

ನನ್ನನ್ನು ಜಾಸ್ತಿ ಕಾಡುತ್ತಿರುವುದು 'ಡಿಸ್ಪರ್ಷನ್'. ನಳಿಕೆ ತಯಾರಿಸುವುದು ಒಂದು ಕಷ್ಟ, ತಯಾರಾದ ಮೇಲೆ ಅವನ್ನು ಬೇರೆ ಬೇರೆ ಮಾಡುವುದು ಇನ್ನೊಂದು ಕಷ್ಟ. ಅಣುಗಳ ನಡುವಿನ ವ್ಯಾನ್ ಡರ್ ವಾಲ್ಸ್ ಸೆಳೆತದಿಂದ ನಳಿಕೆಗಳು ಒಂದಕ್ಕೊಂದು ಅಂಟಿಕೊಂಡು, ಸಿಕ್ಕುಗಟ್ಟಿದ ಕೂದಲಿನ ಹಾಗೆ ಉಂಡೆಯಾಗುತ್ತವೆ. ಆ ಉಂಡೆಯನ್ನೇ ಪ್ಲಾಸ್ಟಿಕ್ಕಿಗೋ ಬ್ಯಾಟರಿಗೋ ಹಾಕಿದರೆ ದುಡ್ಡು ದಂಡ. ಈಗ ಕನ್ನಡಕ್ಕೆ ಬನ್ನಿ. 'ಪ್ರಸರಣ' ಅಂದರೆ ಪತ್ರಿಕೆಯ ಪ್ರಸರಣವೋ ರೇಡಿಯೋ ಪ್ರಸಾರವೋ ನೆನಪಾಗುತ್ತದೆ. 'ಚದುರುವಿಕೆ'ಯನ್ನು ಬೆಳಕಿನ ಪಾಠಕ್ಕೆ ಆಗಲೇ ಕೊಟ್ಟುಬಿಟ್ಟಿದ್ದೇವೆ. ಇನ್ನೂ ಒಂದು ಸೂಕ್ಷ್ಮ ಇದೆ. ಈ ಕೆಲಸದವರು ಡಿಸ್ಪರ್ಷನ್ ಬೇರೆ, ಡಿಸ್ಟ್ರಿಬ್ಯೂಷನ್ ಬೇರೆ ಅನ್ನುತ್ತಾರೆ. ಮೊದಲನೆಯದು ಉಂಡೆಯನ್ನು ಒಡೆದು ಒಂದೊಂದು ನಳಿಕೆಯನ್ನೂ ಬಿಡಿಯಾಗಿಸುವುದು. ಎರಡನೆಯದು ಹಾಗೆ ಬಿಡಿಯಾದವನ್ನು ಎಲ್ಲ ಕಡೆಗೂ ಸಮನಾಗಿ ಮುಟ್ಟಿಸುವುದು. ಉಂಡೆಗಳನ್ನೇ ಸಮನಾಗಿ ಹರಡಿಯೂ ಕೂರಬಹುದು, ಪ್ರಯೋಜನವಿಲ್ಲ. ನನಗೆ ತೋಚಿದ್ದು 'ಬಿಡಿಸಿಕೆ' ಮತ್ತು 'ಹರಡಿಕೆ'. ಕಿವಿಗೆ ಹೊಸದು, ನಿಜ, ಆದರೆ ಎರಡು ಕೆಲಸವನ್ನೂ ಬೇರೆ ಬೇರೆಯಾಗಿ ತೋರಿಸುತ್ತವೆ.

ಈ ಪದಕ್ಕೆ ಇಷ್ಟೊಂದು ಒದ್ದಾಡುವುದು ಯಾಕೆ ಅಂದರೆ ಉದ್ಯಮದ ನಾಳೆ ಇರುವುದೇ ಇದರ ಮೇಲೆ. ಈಗ ನಳಿಕೆಗಳಿಗೆ ದೊಡ್ಡ ಗಿರಾಕಿ ಲಿಥಿಯಂ ಅಯಾನ್ ಬ್ಯಾಟರಿ. ಅದರ ಧನ ಎಲೆಕ್ಟ್ರೋಡಿನ ಪುಡಿಯಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದಿಲ್ಲ, ಅದಕ್ಕೆ ಕಾರ್ಬನ್ ಬ್ಲ್ಯಾಕ್, ಅಂದರೆ ಮಸಿಯಂಥ ಇಂಗಾಲದ ಪುಡಿ ಬೆರೆಸುತ್ತಾರೆ. ಅದರ ಬದಲು ನಳಿಕೆ ಹಾಕಿದರೆ, ಅದು ಉದ್ದವಾಗಿರುವುದರಿಂದ ಕಣದಿಂದ ಕಣಕ್ಕೆ ಸಂಪರ್ಕ ಕೊಡಲು ಕಡಿಮೆ ತೂಕ ಸಾಕು, ಉಳಿದ ಜಾಗದಲ್ಲಿ ಶಕ್ತಿ ಹಿಡಿದಿಡುವ ಪುಡಿಯನ್ನೇ ತುಂಬಬಹುದು. ಋಣ ಎಲೆಕ್ಟ್ರೋಡಿಗೆ ಸಿಲಿಕಾನ್ ಸೇರಿಸಿದರೆ ಅದು ಚಾರ್ಜ್ ಆಗುವಾಗ ಮೂರು ಪಟ್ಟಿಗೂ ಮೀರಿ ಉಬ್ಬಬಹುದು, ಬಿರುಕು ಬಿಟ್ಟು ಸಂಪರ್ಕ ಕಡಿದುಹೋಗುತ್ತದೆ. ಅಲ್ಲಿ ಒಂಟಿಪದರದ ನಳಿಕೆಗಳು ಚೂರುಗಳನ್ನು ಹಿಡಿದುಕೊಳ್ಳುತ್ತವೆ. ಇದೆಲ್ಲ ನಡೆಯಬೇಕಾದರೆ ಬಿಡಿಸಿಕೆ ಸರಿಯಾಗಬೇಕು, ಅದಕ್ಕೇ ಬ್ಯಾಟರಿ ಕಾರ್ಖಾನೆಗಳಿಗೆ ಇದನ್ನು ಬಹುತೇಕ ಪುಡಿಯಾಗಿ ಮಾರದೆ, ದ್ರಾವಕದಲ್ಲಿ ಕಲಸಿದ ಪೇಸ್ಟ್ ಆಗಿ ಮಾರುತ್ತಾರೆ.

ಹೀಗೆ ಬೆರೆಸುವ ವಸ್ತುವಿಗೆ, ಅಂದರೆ 'ಆಡಿಟಿವ್'ಗೆ, ಒಂದು ಮಾತು ಬೇಕು. ಬೆರಕೆ ಅಂದರೆ ಕಲಬೆರಕೆ ನೆನಪಾಗುತ್ತದೆ. 'ಪೂರಕ' ಸಾಕು ಅಂದುಕೊಂಡಿದ್ದೇನೆ.

ಕೊನೆಗೆ 'ಫ್ಯೂಚರ್ ಪ್ರಾಸ್ಪೆಕ್ಟ್ಸ್'. ದಯವಿಟ್ಟು 'ಉಜ್ವಲ ಭವಿಷ್ಯ' ಬೇಡ. 1991ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೋ ಇಜಿಮಾ ಅವರು ಈ ನಳಿಕೆಗಳ ಬಗ್ಗೆ ಬರೆದ ಪ್ರಬಂಧ ಬಂದ ಮೇಲೆ ಬಾಹ್ಯಾಕಾಶಕ್ಕೆ ಲಿಫ್ಟ್ ಕಟ್ಟುತ್ತೇವೆ ಅನ್ನುವ ಮಟ್ಟಕ್ಕೆ ಮಾತು ಹೋಗಿತ್ತು. ಉದ್ಯಮವನ್ನು ಬದುಕಿಸಿದ್ದು ಸಾದಾ ಬಳಕೆಗಳು. ಕಾರಿನ ಇಂಧನ ಪೈಪಿನಲ್ಲಿ ಸ್ಥಿರ ವಿದ್ಯುತ್ ಕೂಡಿ ಕಿಡಿ ಹಾರದಂತೆ ಪ್ಲಾಸ್ಟಿಕ್ಕಿಗೆ ನಳಿಕೆ ಬೆರೆಸುವುದು ಅವುಗಳಲ್ಲಿ ಒಂದು. ಚಿಪ್ ಕ್ಷೇತ್ರದಲ್ಲೂ ಕೆಲಸ ನಿಂತಿಲ್ಲ. 2013ರಲ್ಲಿ ಸ್ಟ್ಯಾನ್‌ಫರ್ಡ್‌ನವರು 178 ಟ್ರಾನ್ಸಿಸ್ಟರುಗಳ ನಳಿಕೆ ಕಂಪ್ಯೂಟರ್ ಮಾಡಿದರು, 2019ರಲ್ಲಿ ಎಂಐಟಿಯವರು 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳ 16 ಬಿಟ್ ಪ್ರೊಸೆಸರ್ ತೋರಿಸಿದರು. ಆದರೆ ಬೆಳೆಸಿದ ಒಂಟಿಪದರದ ನಳಿಕೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಲೋಹದ ಹಾಗೆ ವರ್ತಿಸುತ್ತದೆ, ಅವುಗಳಲ್ಲಿ ಹರಿಯುವ ವಿದ್ಯುತ್ತನ್ನು ಬೇಕೆಂದಾಗ ನಿಲ್ಲಿಸಲಾಗುವುದಿಲ್ಲ, ಹಾಗಾಗಿ ಚಿಪ್ಪಿಗೆ ಆಗಿಬರುವುದಿಲ್ಲ. ಹಾಗಾಗಿ ಬ್ಯಾಟರಿಗೆ 'ನಿರೀಕ್ಷೆ', ಚಿಪ್ಪಿಗೆ 'ಸಾಧ್ಯತೆ', ಬಾಹ್ಯಾಕಾಶದ ಲಿಫ್ಟಿಗೆ 'ಕನಸು' ಅಂತ ಮೂರು ಪದ ಬಳಸುತ್ತಿದ್ದೇನೆ. ಒಂದೇ ಪದದಲ್ಲಿ ಮೂರನ್ನೂ ಕಟ್ಟಿಬಿಟ್ಟರೆ ಓದುವವರಿಗೆ ಅನ್ಯಾಯ.

ಆರೋಗ್ಯದ ಮಾತಿನಲ್ಲೂ ಇಂಥದ್ದೇ ಎಚ್ಚರ ಬೇಕು. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಂಡಬ್ಲ್ಯುಸಿಎನ್‌ಟಿ-7 ಅನ್ನುವ ಒಂದು ಬಗೆಯ ಬಹುಪದರದ ನಳಿಕೆಯನ್ನು ಮಾತ್ರ 2ಬಿ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರಲೂಬಹುದಾದ ('ಪಾಸಿಬ್ಲಿ') ವಸ್ತುಗಳ ಗುಂಪಿಗೆ ಸೇರಿಸಿತು, ಉಳಿದವನ್ನು ವರ್ಗೀಕರಿಸುವಷ್ಟು ಪುರಾವೆ ಇಲ್ಲ ಅಂದಿತು. 'ನ್ಯಾನೋಟ್ಯೂಬ್‌ನಿಂದ ಕ್ಯಾನ್ಸರ್' ಅಂತ ಬರೆಯುವುದೂ ತಪ್ಪು, 'ಏನೂ ಅಪಾಯವಿಲ್ಲ' ಅನ್ನುವುದೂ ತಪ್ಪು. 2ಬಿಯ 'ಪಾಸಿಬ್ಲಿ' ಮತ್ತು 2ಎಯ 'ಪ್ರಾಬಬ್ಲಿ', ಈ ಎರಡಕ್ಕೂ ನಾವು 'ಬಹುಶಃ' ಅಂತಲೇ ಬರೆದುಬಿಟ್ಟರೆ ಎರಡು ಗುಂಪಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ನಾನು 2ಬಿಗೆ 'ಕ್ಯಾನ್ಸರ್ ತರಲೂಬಹುದು', 2ಎಗೆ 'ಕ್ಯಾನ್ಸರ್ ತರುವ ಸಂಭವ ಹೆಚ್ಚು' ಅಂತ ಇಟ್ಟಿದ್ದೇನೆ. ಸರಿ ಇದೆಯಾ?

ಪ್ಲಾಸ್ಟಿಕ್, ಬಣ್ಣ, ರಬ್ಬರ್ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ಪುಡಿಯ ಉಂಡೆ ಒಡೆದು ಬಿಡಿಬಿಡಿ ಮಾಡುವ ಕೆಲಸಕ್ಕೆ ಅಲ್ಲಿ ಕನ್ನಡದಲ್ಲಿ ಏನಂತ ಹೇಳುತ್ತಾರೆ? ಬಳಕೆಯಲ್ಲಿರುವ ಮಾತು ಸಿಕ್ಕರೆ 'ಬಿಡಿಸಿಕೆ'ಯನ್ನು ಕೈಬಿಟ್ಟು ಅದನ್ನೇ ಬರೆಯುತ್ತೇನೆ.