ಒಂದೇ ಸಾಲಿನ ರಿಕ್ವೈರ್‌ಮೆಂಟ್, ಟಿಕೆಟ್ (ಟೀಮಿಗೆ ಹಂಚುವ ಕೆಲಸದ ತುಣುಕು) ಹೇಗೆ ಮಾಡೋದು?

ಪ್ರಶ್ನೆ: ಡಾಕ್ಯುಮೆಂಟ್‌ನಲ್ಲಿ "ಒಟಿಪಿ ಮೂಲಕ ಲಾಗಿನ್ ಬೇಕು" ಅಂತ ಮಾತ್ರ ಇದೆ. ಫ್ರಂಟೆಂಡ್‌ಗೆ (ಕಾಣುವ ಪರದೆ) ಒಂದು, ಬ್ಯಾಕೆಂಡ್‌ಗೆ (ಹಿಂದಿನ ಸರ್ವರ್) ಒಂದು ಟಿಕೆಟ್ ಸಾಕಲ್ವಾ?

ಉತ್ತರ 1: ಬೇಡ, ಎರಡೂ ಮುಗಿಯುವವರೆಗೆ ಟೆಸ್ಟ್ ಮಾಡಲು ಏನೂ ಸಿಗುವುದಿಲ್ಲ. ಬಳಸುವವರಿಗೆ ಕಾಣುವಂತೆ ಒಡೆಯಿರಿ: ಸರಿಯಾದ ಒಟಿಪಿಗೆ ಲಾಗಿನ್ ಒಂದು, ಮತ್ತೆ ಕಳಿಸುವುದು ಇನ್ನೊಂದು, ಪದೇ ಪದೇ ತಪ್ಪಾದರೆ ತಡೆಯುವುದು ಮತ್ತೊಂದು.

ಉತ್ತರ 2: ಮೊದಲು ಪ್ರಾಡಕ್ಟ್ ಮ್ಯಾನೇಜರನ್ನು ಹಿಡಿದು ಒಟಿಪಿ ಎಷ್ಟು ನಿಮಿಷ ನಡೆಯುತ್ತದೆ, ಎಷ್ಟು ಸಲ ತಪ್ಪಬಹುದು ಅಂತ ಕೇಳಿ, ಆ ಉತ್ತರಗಳೇ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ, ಅಂದರೆ ಕೆಲಸ ಮುಗಿದಿದೆ ಅಂತ ಒಪ್ಪಲು ನೋಡುವ ಷರತ್ತುಗಳು. "5 ನಿಮಿಷದ ನಂತರ ಹಾಕಿದರೆ ಅವಧಿ ಮುಗಿದಿದೆ ಅಂತ ತೋರಿಸಬೇಕು", ಹೀಗೆ ಬರೆಯಿರಿ. ಸುಮ್ನೆ "ಸರಿಯಾಗಿ ಕೆಲಸ ಮಾಡಬೇಕು" ಅಂದರೆ ಟೆಸ್ಟರ್ ಏನು ನೋಡಬೇಕು?

ಪ್ರಶ್ನೆ ಕೇಳಿದವರು: ಎಸ್ಸೆಮ್ಮೆಸ್ ವೆಂಡರ್ ಯಾರೆಂದೇ ತೀರ್ಮಾನವಾಗಿಲ್ಲ.

ಉತ್ತರ 2: ಅದಕ್ಕೊಂದು ಸ್ಪೈಕ್ (ವಿಚಾರಿಸಿ ತೀರ್ಮಾನಿಸಲು ಮಾತ್ರ ಇರುವ ಟಿಕೆಟ್) ಹಾಕಿ, ಇಷ್ಟೇ ದಿನ ಅಂತ ಮಿತಿ ಇಡಿ. ಭಾರತದ ನಂಬರ್‌ಗಳಾದರೆ ಟೆಂಪ್ಲೇಟನ್ನು (ಎಸ್ಸೆಮ್ಮೆಸ್ಸಿನ ಮಾದರಿ ಪಠ್ಯ) ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ನೋಂದಾಯಿಸಲೂ ಬೇರೆ ಟಿಕೆಟ್ ಬೇಕು.